ಚಾಳೀಸಿನ ಅಂಗಡಿ, ಲೋಕಲ್ಲಿನ ಹಾಜರಿ

ಶನಿವಾರ ಬೆಳಿಗ್ಗೆ 9.30. ಡೊಂಬಿವಲಿ ಪೂರ್ವದ ಫಡ್ಕೆ ರಸ್ತೆಯಲ್ಲಿ ಊರಿಗೆ ಊರೇ ಸ್ಟೇಷನ್ನಿನ ಕಡೆ ಓಡುತ್ತಿದೆ. ಆ ಪ್ರವಾಹಕ್ಕೆ ಎದುರಾಗಿ ಈಜಿಕೊಂಡು ಬರುವ ನಾಲ್ಕಾರು ಮಂದಿಯಲ್ಲಿ ಟಿಟ್ವಾಳದ ಹುಡುಗನೊಬ್ಬ. ಕನ್ನಡಕದಂಗಡಿಯ ಬೀಗದ ಕೈ ಅವನ ಕಿಸೆಯಲ್ಲಿದೆ. ಶಟರಿನೆದುರು ಕಾದು ನಿಂತ ಮ್ಯಾನೇಜರ್ ಹೆಬ್ರಿ ಕಡೆಯವರು, ನನಗೆ ಹಳೆಯ ಪರಿಚಯ. "ಅಂಗಡಿ ತೆರೆಯುವುದು ನಾನಲ್ಲ ಮಾರಾಯ್ರೆ, ಕಸಾರಾ ಲೋಕಲ್ಲು!"

ಬೋರ್ಡಿನಲ್ಲಿ ದೇವನಾಗರಿ ಅಕ್ಷರ ದಪ್ಪಗೆ ಎದ್ದು ಕಾಣುತ್ತದೆ. 2022ರ ತಿದ್ದುಪಡಿಯ ಮೇಲೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೂ ಮರಾಠಿ ಫಲಕ ಕಡ್ಡಾಯ. ಒಳಗೆ ಹೋದರೆ ಭಾಷೆಗಳ ಸಂತೆ. ಗಿರಾಕಿಗೆ ಮರಾಠಿ, ಲೆನ್ಸಿನ ವ್ಯಾಪಾರಿಗೆ ಗುಜರಾತಿ ಬೆರೆತ ಹಿಂದಿ, ಊರಿನ ಫೋನಿಗೆ ತುಳು.

ಯಜಮಾನರಿಗೆ ಅಂಗಡಿ ನಾಲ್ಕು: ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿ. ಕಣ್ಣು ಪರೀಕ್ಷೆ ಮಾಡುವವರು ಮೂವರು. ಈ ಮೂರನ್ನು ನಾಲ್ಕರಿಂದ ಭಾಗಿಸುವ ಲೆಕ್ಕ ಮ್ಯಾನೇಜರರ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲೇ ಇರುತ್ತದೆ, ಅಳಿಸಲು ಅನುಕೂಲ. ಥಾಣೆಯ ನೌಪಾಡಾದ ಪಿಂಚಣಿದಾರರು ಬೆಳಿಗ್ಗೆ ಬರುತ್ತಾರೆ. ಕಲ್ಯಾಣಿಗೆ ಮುರ್ಬಾಡ್ ಕಡೆಯಿಂದ ಎಸ್‌ಟಿ ಬಸ್ಸಿಳಿದವರು ಮಧ್ಯಾಹ್ನ. ಡೊಂಬಿವಲಿಯಲ್ಲಿ ವ್ಯಾಪಾರ ಶುರುವಾಗುವುದೇ ಸಂಜೆ ಏಳಕ್ಕೆ, ರೈಲು ಜನರನ್ನು ಸುರಿದ ಮೇಲೆ. ಐರೋಲಿಯ ಐಟಿ ಹುಡುಗರು ವಾಶಿಗೆ ಬರುವುದು ಭಾನುವಾರ. ಭಾನುವಾರ ಉಳಿದ ಮೂರೂ ಅಂಗಡಿಗೆ ಕಣ್ಣು ನೋಡುವವರು ಬೇಕೇ ಬೇಕು. 2004ರಲ್ಲಿ ಥಾಣೆ–ವಾಶಿ ರೈಲು ಬಂದದ್ದೇ ಪುಣ್ಯ; ಅದಕ್ಕೂ ಮೊದಲು ಕಲ್ಯಾಣಿನವರು ರೈಲಿನಲ್ಲಿ ವಾಶಿಗೆ ಹೋಗಬೇಕೆಂದರೆ ಕುರ್ಲಾ ಸುತ್ತಬೇಕಿತ್ತು.

ಗಾಳಾ, ಅಂದರೆ ಅಂಗಡಿಯ ಮಳಿಗೆ, ಹತ್ತಡಿ ಅಗಲ. ಸ್ನೆಲೆನ್ ಎಂಬ ಡಚ್ ವೈದ್ಯ 1862ರಲ್ಲಿ ರೂಪಿಸಿದ ಅಕ್ಷರಪಟವನ್ನು ಆರು ಮೀಟರ್ ದೂರದಿಂದ ಓದಿಸಬೇಕು. ಅಷ್ಟು ಜಾಗ ಇಲ್ಲೆಲ್ಲಿ? ಪಟವನ್ನು ತಲೆಯ ಹಿಂದೆ ತೂಗುಹಾಕಿ, ಮೂರು ಮೀಟರ್ ಆಚೆ ಎದುರಿಗೆ ಕನ್ನಡಿ ಇಟ್ಟಿದ್ದಾರೆ. ಬಾಡಿಗೆಯ ಊರಿನಲ್ಲಿ ದೂರವನ್ನೂ ಮಡಚಿಡಬೇಕಾಗುತ್ತದೆ.

ಹನ್ನೊಂದರ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗಿ ಗಾಬರಿಯಾದಳು. ವೈದ್ಯರ ಚೀಟಿಯಲ್ಲಿ +1.00, ಸಿಲಿಂಡರ್ -0.50, ಆಕ್ಸಿಸ್ 180. ಬಂದ ಲೆನ್ಸಿನ ಲಕೋಟೆಯ ಮೇಲೆ +0.50, ಸಿಲಿಂಡರ್ +0.50, ಆಕ್ಸಿಸ್ 90. "ಸರ್, ನಂಬರ್ ತಪ್ಪಿದೆ!" ಮ್ಯಾನೇಜರ್ ನಗಲಿಲ್ಲ. ಕಾಗದದ ಮೇಲೆ ಕೂಡಿಸಿ, ಚಿಹ್ನೆ ತಿರುಗಿಸಿ, ಆಕ್ಸಿಸ್ಸನ್ನು ತೊಂಬತ್ತು ಡಿಗ್ರಿ ಸರಿಸಿ ಎರಡೂ ಒಂದೇ ಎಂದು ತೋರಿಸಿದರು. "ಕೇಳಿದ್ದು ಒಳ್ಳೇದಾಯ್ತು ತಾಯಿ. ಕೇಳದೆ ಗಿರಾಕಿಗೆ ಫೋನ್ ಮಾಡಿದ್ದರೆ ಮರ್ಯಾದೆ ಹೋಗುತ್ತಿತ್ತು."

ಆದರೆ ಅಂಗಡಿಯ ಜೀವ ಇರುವುದು ಪರದೆಯ ಹಿಂದೆ. ಅಲ್ಲಿ ಫಿಟ್ಟರ್ ದಾದಾ ಕೂತಿದ್ದಾರೆ. ಅಂಚು ಸವೆಸುವ ಯಂತ್ರ, ಬಿಳಿ ನೀರು, ಬೆರಳ ಸಂದಿಯಲ್ಲಿ ಲೆನ್ಸಿನ ಪುಡಿ. ಅರ್ಧ ಫ್ರೇಮಿಗೆ ನೈಲಾನ್ ದಾರ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾರೆ. ಪ್ರೊಗ್ರೆಸಿವ್ ಲೆನ್ಸ್ ಎರಡು ಮಿಲಿಮೀಟರ್ ಮೇಲೆ ಕೆಳಗಾದರೆ ಗಿರಾಕಿ ಮೆಟ್ಟಿಲಿಳಿಯಲು ಹೆದರುತ್ತಾನೆ. ಬೈಗುಳ ತಿನ್ನುವವರು ಕೌಂಟರಿನವರು. ಕಣ್ಣು ಪರೀಕ್ಷಿಸುವುದಕ್ಕೆ ನಾಲ್ಕು ವರ್ಷದ ಪದವಿಯಿದೆ. ಫಿಟ್ಟರ್ ಕೆಲಸವನ್ನು ಬಹುಪಾಲು ಮಂದಿ ಇನ್ನೊಬ್ಬರ ಪಕ್ಕದಲ್ಲಿ ಕೂತೇ ಕಲಿತವರು. ನನ್ನನ್ನು ಕೇಳಿದರೆ, ದೊಡ್ಡ ಸಂಬಳ ಇವರಿಗೇ ಸಲ್ಲಬೇಕು. ದಾದಾ ಚಿಪಳೂಣಿನವರು, ಗಣಪತಿಗೆ ಹತ್ತು ದಿನ ಕೊಂಕಣಕ್ಕೆ. ರಜೆ ಕೇಳುವುದಿಲ್ಲ, ತಿಳಿಸುತ್ತಾರೆ. ಮ್ಯಾನೇಜರ್ ಮಾತಾಡುವಂತಿಲ್ಲ, ಅವರದೂ ಭೂತಕೋಲಕ್ಕೆ ಊರಿಗೆ ಓಡುವ ಜಾತಿ.

ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಹತ್ತಿರದ ಓದಿಗಿಟ್ಟ ಚೀಟಿಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಅಜ್ಜಿಗೆ ಮೂರೂ ಬಾರದು. ಮ್ಯಾನೇಜರ್ ಕೌಂಟರಿನ ಕೆಳಗಿಂದ 'ಕರ್ನಾಟಕ ಮಲ್ಲ' ಕನ್ನಡ ಪತ್ರಿಕೆ ತೆಗೆದರು.

"ಇದು ಓದಿ ಅಮ್ಮ."

"ಮೊದಲೇ ಕೊಡಬಾರದಾ ಮಗಾ?" ಅಜ್ಜಿ ನಿಧನದ ಸುದ್ದಿಯಿಂದಲೇ ಶುರುಮಾಡಿದರು. ಮರಾಠಿಯಲ್ಲಿ ಚಾಳಿಶಿ, ನಮ್ಮಲ್ಲಿ ಚಾಳೀಸು. ನಲವತ್ತಕ್ಕೆ ಬರುವ ಈ ಕನ್ನಡಕಕ್ಕೆ ಎರಡೂ ಕಡೆ ವಯಸ್ಸಿನದೇ ಹೆಸರು. ಅಜ್ಜಿಗೆ ಅದು ಬಂದದ್ದು ಎಪ್ಪತ್ತಕ್ಕೆ.

ಸಂಜೆ ಏಳರ ಮೇಲೆ ಕೂರಲು ಪುರಸತ್ತಿಲ್ಲ. ಲೋಕಲ್ಲಿನ ನೂಕಾಟದಲ್ಲಿ ಕಡ್ಡಿ ಮುರಿದುಕೊಂಡವರು, ಮೂಗಿನ ಪ್ಯಾಡ್ ಕಳೆದವರು. ಸ್ಕ್ರೂ ಹಾಕಿದ್ದಕ್ಕೆ ಇಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಆರು ತಿಂಗಳು ಬಿಟ್ಟು ಅವರೇ ಫ್ರೇಮ್ ಕೇಳಿಕೊಂಡು ಬರುತ್ತಾರೆ ಎಂಬ ಲೆಕ್ಕ ಅದರ ಹಿಂದಿದೆ.

ರಾತ್ರಿ 9.30ಕ್ಕೆ ಟ್ರೇಗಳ ಎಣಿಕೆ. ಖಾಲಿ ಗೂಡು ಹನ್ನೊಂದು, ಬಿಲ್ಲು ಹತ್ತು. ಹನ್ನೊಂದನೆಯ ಫ್ರೇಮ್ ಕನ್ನಡಿಯ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಮ್ಯಾನೇಜರರ ಮೊಬೈಲಿಗೆ ಭಾನುವಾರದ ಮೆಗಾ ಬ್ಲಾಕ್‌ನ ಸುದ್ದಿ, ಹಳಿ ದುರಸ್ತಿಗೆ ರೈಲು ಬಂದ್. ರಬ್ಬರ್ ಹುಡುಕಿದರು. ವಾಶಿಗೆ ಹೊರಟಿದ್ದ ಕಣ್ಣು ಪರೀಕ್ಷಕಿಯನ್ನು ಅವಳ ಊರಾದ ಕಲ್ಯಾಣಿನಲ್ಲೇ ಉಳಿಸಿ ಬರೆದರು. ಭಾನುವಾರ ವಾಶಿಯಲ್ಲಿ ಕಣ್ಣು ಪರೀಕ್ಷೆ ಸಂಜೆ ಐದರ ಮೇಲೆ.