ಕಾಯದ ಕವಚ

ಕವಚವೆಂಬ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಕರ್ಣನ ಕಡೆಗೆ ಹರಿಯುತ್ತದೆ. ಮೈಯೊಡನೆ ಹುಟ್ಟಿ ಮೈಯೊಡನೆ ಬೆಳೆದುದನ್ನು ಅವನು ಕೊಯ್ದು ಇಂದ್ರನ ಕೈಗಿತ್ತಾಗ, ಆಯುಸ್ಸನ್ನೇ ಧಾರೆಯೆರೆದನೆಂದು ನಾವು ಬಲ್ಲೆವು. ಇಷ್ಟು ಗಂಭೀರವಾದ ವಸ್ತು ಇಂದಿನ ಗಣಕಯಂತ್ರದ ಆಟಗಳಲ್ಲಿ ತಾಳಿರುವ ಅವತಾರಗಳನ್ನು ಕಂಡರೆ ನಗುವೂ ಬರುತ್ತದೆ, ಯೋಚನೆಯೂ ಹತ್ತುತ್ತದೆ.

ಅಂತರ್ಜಾಲದ ಮೂಲಕ ಸಾವಿರಾರು ಜನ ಒಟ್ಟಿಗೆ ಆಡುವ ಅದ್ಭುತಲೋಕದ ಆಟಗಳನ್ನು ವಾಚಕರಲ್ಲಿ ತರುಣರು ಬಲ್ಲರು; ಹಿರಿಯರಿಗಾಗಿ ಎರಡು ಮಾತು. ಆಡುವವನು ಒಂದು ಪಾತ್ರವನ್ನು ತಾಳಿ, ರಾಕ್ಷಸರನ್ನು ಕೊಂದು, ಅವರಿಂದ ದೊರೆತ ಜೋಡು, ಶಿರಸ್ತ್ರಾಣಗಳನ್ನು ತೊಟ್ಟು ಬಲವಂತನಾಗುತ್ತ ಹೋಗುತ್ತಾನೆ. ಇವುಗಳಲ್ಲಿ ಸುಪ್ರಸಿದ್ಧವಾದುದು ಅಮೆರಿಕದ ಬ್ಲಿಜಾರ್ಡ್ ಸಂಸ್ಥೆ 2004ರಲ್ಲಿ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಅದರ ವೀರರ ಹೆಗಲನ್ನು ನೋಡಬೇಕು! ಎಷ್ಟೋ ಭುಜತ್ರಾಣಗಳು ತಲೆಗಿಂತ ದೊಡ್ಡವು. ಮೇಲೆ ಕೊಂಬು, ಮುಳ್ಳು, ತಲೆಬುರುಡೆ, ಕೆಲವೊಮ್ಮೆ ಉರಿಯುವ ಬೆಂಕಿ. ಇಂಥದನ್ನು ಹೊತ್ತವನು ಕತ್ತಿಯೆತ್ತುವುದಿರಲಿ, ಬಾಗಿಲಲ್ಲಿ ನೇರವಾಗಿ ನುಗ್ಗುವುದೂ ಕಷ್ಟ.

ಇದಕ್ಕೆ ಕಾರಣವಿಲ್ಲದಿಲ್ಲ. ಆಟಗಾರನು ತನ್ನ ಪಾತ್ರವನ್ನು ಹಿಂದಿನಿಂದ, ತುಸು ಮೇಲಿನಿಂದ ನೋಡುತ್ತಾನೆ. ಅವನ ಕಣ್ಣಿಗೆ ಮೊದಲು ಬೀಳುವುದು ಹೆಗಲು. ಅಲ್ಲದೆ ಆ ಕಾಲದ ಯಂತ್ರಗಳ ಶಕ್ತಿ ಪರಿಮಿತವಾದುದರಿಂದ, ಎದೆಯ ಕವಚವನ್ನು ಮೈಮೇಲೆ ಬಣ್ಣದಂತೆ ಬಳಿದು, ಹೆಗಲು ತಲೆಗಳ ತೊಡಿಗೆಗೆ ಮಾತ್ರ ಬೇರೆ ಆಕೃತಿ ಕೊಡುತ್ತಿದ್ದರು. ವೈಭವವೆಲ್ಲ ಹೆಗಲೇರಿ ಕುಳಿತದ್ದು ಹೀಗೆ.

ನಿಜವಾದ ಕವಚದ ಕಥೆಯೇ ಬೇರೆ. ಹದಿನೈದನೆಯ ಶತಮಾನದ ಯೂರೋಪಿನ ಆಪಾದಮಸ್ತಕದ ಉಕ್ಕಿನ ಕವಚ ಸಾಮಾನ್ಯವಾಗಿ 15ರಿಂದ 25 ಕಿಲೋಗ್ರಾಂ ತೂಗುತ್ತಿತ್ತು. ಭಾರವನ್ನು ಮೈಯೆಲ್ಲ ಹಂಚಿಕೊಳ್ಳುತ್ತಿದ್ದುದರಿಂದ ಅಭ್ಯಾಸವುಳ್ಳವನು ಅದನ್ನು ತೊಟ್ಟು ಓಡಬಲ್ಲವನಾಗಿದ್ದ, ಕುದುರೆಯೇರಬಲ್ಲವನಾಗಿದ್ದ. ಎದೆಯ ಫಲಕ ನಡುವೆ ಉಬ್ಬಿದ್ದುದು ಈಟಿಯ ಮೊನೆ ಜಾರಿಹೋಗಲೆಂದು. ಕಂಕುಳಿನಂಥ ಸಂದುಗಳಲ್ಲಿ ಉಕ್ಕಿನ ಬಳೆಗಳ ಬಲೆ. ಅಲ್ಲಿ ಅಂದವೆಂಬುದು ಉಪಯೋಗದ ಮಗಳು. ಆಟದ ಕವಚದ ಮುಳ್ಳುಗಳಾದರೋ ಜಾರಬೇಕಾದ ಏಟನ್ನು ತಡೆದು ಕುತ್ತಿಗೆಯ ಕಡೆಗೇ ತಿರುಗಿಸುತ್ತವೆ.

ಸ್ತ್ರೀಪಾತ್ರಗಳ ವಿಷಯದಲ್ಲಿ ನಗು ಅಡಗುತ್ತದೆ. 1973ರಲ್ಲಿ ಅಮೆರಿಕದ ಚಿತ್ರಕಥೆಗಳಲ್ಲಿ ‘ರೆಡ್ ಸೋನಿಯಾ’ ಎಂಬ ವೀರವನಿತೆ ಕಾಣಿಸಿಕೊಂಡಳು. ಮೊದಲು ಲೋಹದ ಅಂಗಿ ತೊಟ್ಟಿದ್ದ ಆಕೆಗೆ, ಎಸ್ತೆಬಾನ್ ಮರೋತೋ ಎಂಬ ಚಿತ್ರಕಾರರು ಲೋಹದ ಬಿಲ್ಲೆಗಳ ಎರಡು ತುಂಡುಗಳನ್ನಷ್ಟೆ ಉಳಿಸಿದರು. ಆ ಪರಂಪರೆ ಆಟಗಳಿಗೂ ಇಳಿಯಿತು. ಒಂದೇ ಹೆಸರಿನ, ಒಂದೇ ಬಲದ ಕವಚ ಗಂಡಿನ ಮೈಮೇಲೆ ಪೂರ್ಣವಾಗಿದ್ದು ಹೆಣ್ಣಿನ ಮೈಮೇಲೆ ಹೊಟ್ಟೆ ತೊಡೆಗಳನ್ನು ಬಿಟ್ಟು ಕುಗ್ಗುವುದುಂಟು!

ಆಟದ ಲೋಕದಲ್ಲಿ ರಕ್ಷಣೆ ಇರುವುದು ಒಂದು ಅಂಕಿಯಲ್ಲಿ. ಕವಚಕ್ಕೆ ಇಂತಿಷ್ಟು ಬಲವೆಂದು ಬರೆದರಾಯಿತು. ಅದು ಮೈ ಮುಚ್ಚಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಸತ್ತವನು ಮರುಕ್ಷಣವೇ ಏಳುತ್ತಾನೆ. ಸಾವಿನ ಭಯವಿಲ್ಲದ ಕಡೆ ಕವಚಕ್ಕೆ ಕಾಯುವ ಹೊಣೆಯೂ ಇಲ್ಲ. ಆದರೆ ಅಗತ್ಯದ ಅಂಕೆ ತಪ್ಪಿದಾಗಲೇ ಮನುಷ್ಯನ ಅಭಿರುಚಿ ಬಯಲಾಗುವುದು. ಏನನ್ನು ಬೇಕಾದರೂ ತೊಡಿಸಬಹುದಾಗಿದ್ದಲ್ಲಿ ಗಂಡಿಗೆ ಗಾತ್ರವನ್ನೂ ಹೆಣ್ಣಿಗೆ ಕೊರತೆಯನ್ನೂ ತೊಡಿಸಿದರೆಂಬುದು ಯಂತ್ರದ ದೋಷವಲ್ಲ.

ನಮ್ಮ ಯಕ್ಷಗಾನದ ವೇಷವೂ ಅವಾಸ್ತವವಲ್ಲವೆ ಎಂದು ಯಾರಾದರೂ ಕೇಳಿಯಾರು. ಹೌದು, ಆದರೆ ಅಲ್ಲಿನ ಭುಜಕೀರ್ತಿ, ಎದೆಪದಕಗಳನ್ನು ಹಗುರವಾದ ಮರದಿಂದ ಮಾಡುವುದು ಕಲಾವಿದನು ಅವುಗಳನ್ನು ತೊಟ್ಟು ಕುಣಿಯಬೇಕೆಂದೇ. ಯುದ್ಧಕ್ಕೆ ಸಲ್ಲದಿದ್ದರೂ ಕುಣಿತಕ್ಕೆ ಸಲ್ಲುತ್ತವೆ. ಕ್ಷೇಮೇಂದ್ರನು ಕಾವ್ಯದ ಜೀವವೆಂದು ಕರೆದ ಔಚಿತ್ಯ ಇದೇ ತಾನೆ?

2011ರಲ್ಲಿ ಈ ಆಟಕ್ಕೊಂದು ಸೌಕರ್ಯ ಬಂದಿತು: ಒಂದು ಕವಚದ ಬಲವನ್ನು ಉಳಿಸಿಕೊಂಡೇ ಇನ್ನೊಂದರ ರೂಪವನ್ನು ತಾಳಬಹುದು. ಅದಕ್ಕೆ ಮುಂಚೆ ಬಲ ಬೇಕಾದವನು ಬಣ್ಣಬಣ್ಣದ ಬೆಸಗುಪ್ಪೆಗಳನ್ನು ತೊಟ್ಟು ವಿದೂಷಕನಂತೆ ತಿರುಗಬೇಕಾಗುತ್ತಿತ್ತು. ಈಗ ಆಯ್ಕೆ ಆಡುವವರದು. ನನ್ನ ವಿದ್ಯಾರ್ಥಿನಿಯೊಬ್ಬಳು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚುವ ಸಾದಾ ಜೋಡೊಂದಕ್ಕಾಗಿ ಆ ಲೋಕದಲ್ಲಿ ವಾರಗಟ್ಟಲೆ ಅಲೆದಳಂತೆ. ಅದರಿಂದ ಬಲವೇನೂ ಹೆಚ್ಚದಲ್ಲ ಎಂದೆ. “ಯುದ್ಧಕ್ಕೆ ಹೋಗುವವಳಿಗೆ ಯುದ್ಧದ ಉಡುಪು ಬೇಡವೇ ಸಾರ್?” ಎಂದಳು. ಅಂಕಿಗೆ ಸಿಕ್ಕದ ಯಾವುದನ್ನೋ ಆ ಜೋಡು ಕಾಯುತ್ತಿದೆಯೆಂದು ನನಗೆ ತೋರಿತು.