ಹಲ್ಲೆ ಕೇಸ್‌: ಮೇಲ್ಮನವಿಯಲ್ಲಿ ಪೆಟ್ಟು ತಿಂದವರ ಮಾತಿಗೆ ಎಷ್ಟು ತೂಕ?

ಸಾಗರ: ಗದ್ದೆ ಬದುವಿನ ಜಗಳ ಇರಲಿ, ಅಂಗಡಿ ಮುಂದಿನ ಹೊಡೆದಾಟ ಇರಲಿ, ಕತ್ತಿ ಏಟು ತಿಂದವರೇ ಕೋರ್ಟ್‌ನಲ್ಲಿ ನಿಂತು ‘ಹೊಡೆದವ ಇವನೇ’ ಅಂತ ಹೇಳಿದರೂ ಕೆಲವೊಮ್ಮೆ ಆರೋಪಿ ಖುಲಾಸೆ ಆಗ್ತಾನೆ. ಇನ್ನು ಕೆಲವೊಮ್ಮೆ ಶಿಕ್ಷೆಯಾದವನು ಮೇಲ್ಮನವಿಯಲ್ಲಿ ಬಿಡುಗಡೆ ಆಗ್ತಾನೆ. ಹಾಗಾದ್ರೆ ಗಾಯಾಳುವಿನ ಮಾತಿಗೆ ಬೆಲೆ ಇಲ್ವಾ? ಇದೆ. ಆದರೆ ಮೇಲಿನ ಕೋರ್ಟ್ ಅದನ್ನು ಕಡತದ ಮೂಲಕ ತೂಗುತ್ತದೆ.

ಮೇಲ್ಮನವಿ ಎಲ್ಲಿಗೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಜೆಎಂಎಫ್‌ಸಿ ಕೋರ್ಟ್ ಶಿಕ್ಷೆ ಕೊಟ್ಟರೆ ಮೇಲ್ಮನವಿ ಸೆಷನ್ಸ್ ಕೋರ್ಟ್‌ಗೆ. ಕೊಲೆ, ಕೊಲೆ ಯತ್ನ, ಅತ್ಯಾಚಾರದ ಕೇಸ್‌ಗಳು ಸೆಷನ್ಸ್ ಕೋರ್ಟ್‌ನಲ್ಲೇ ನಡೆಯುವುದರಿಂದ ಮೇಲ್ಮನವಿ ಹೈಕೋರ್ಟ್‌ಗೆ. ಶಿವಮೊಗ್ಗ ಜಿಲ್ಲೆಗೆ ಬೆಂಗಳೂರಿನ ಪ್ರಧಾನ ಪೀಠ. ಪಕ್ಕದ ಸಿದ್ದಾಪುರದವರಿಗೆ ಧಾರವಾಡ ಪೀಠ.

ಅಲ್ಲಿ ಗಾಯಾಳುವನ್ನು ಸಾಮಾನ್ಯವಾಗಿ ಮತ್ತೆ ಕರೆಸುವುದಿಲ್ಲ. ಎಫ್‌ಐಆರ್, ವೈದ್ಯರ ಗಾಯದ ಪ್ರಮಾಣಪತ್ರ, ಕೆಳಗಿನ ಕೋರ್ಟ್‌ನಲ್ಲಿ ಬರೆದುಕೊಂಡ ಸಾಕ್ಷ್ಯ, ಪಾಟೀಸವಾಲು ಇವನ್ನೇ ನ್ಯಾಯಾಧೀಶರು ಓದಿ ನೋಡ್ತಾರೆ.

ಒಬ್ಬರ ಸಾಕ್ಷ್ಯ ಸಾಕಾ?

ಸಾಕು. ಇಷ್ಟೇ ಸಾಕ್ಷಿಗಳು ಬೇಕು ಎಂದು ಕಾನೂನು ಹೇಳುವುದಿಲ್ಲ. 1957ರ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ಬಗೆ ಮಾಡಿತು: ಪೂರ್ತಿ ನಂಬಬಹುದಾದವರು, ನಂಬಲೇ ಆಗದವರು, ಎರಡರ ನಡುವಿನವರು. ಮೊದಲ ಬಗೆಯ ಒಬ್ಬರಿದ್ದರೂ ಶಿಕ್ಷೆ ಆಗಬಹುದು. ನಡುವಿನವರಾದರೆ ಬೇರೆ ಪುರಾವೆಯ ಬೆಂಬಲ ಬೇಕು.

ಗಾಯಾಳುವಿಗೆ ಇನ್ನೂ ಹೆಚ್ಚಿನ ಮಹತ್ವ ಇದೆ. ಅವರು ಸ್ಥಳದಲ್ಲಿದ್ದರು ಎನ್ನುವುದಕ್ಕೆ ಗಾಯವೇ ಸಾಕ್ಷಿ. ನಿಜವಾಗಿ ಹೊಡೆದವರನ್ನು ಬಿಟ್ಟು ಬೇರೆಯವರ ಹೆಸರು ಹೇಳುವ ಸಾಧ್ಯತೆ ಕಡಿಮೆ ಎಂಬುದನ್ನು ಸುಪ್ರೀಂ ಕೋರ್ಟ್ 2010ರ ಅಬ್ದುಲ್ ಸಯೀದ್ ಪ್ರಕರಣದಲ್ಲಿ ಒತ್ತಿ ಹೇಳಿದೆ.

ಎಲ್ಲಿ ಎಡವುತ್ತದೆ?

ಸಂಜೆ 6 ಗಂಟೆಯೋ 6.30ಯೋ, ಮೊದಲ ಏಟು ಯಾವುದು ಎಂಬಂಥ ಸಣ್ಣ ವ್ಯತ್ಯಾಸಗಳಿಂದ ಕೇಸ್ ಬೀಳುವುದಿಲ್ಲ. ಆದರೆ ದೂರಿನಲ್ಲಿ ಇಬ್ಬರು ಹೊಡೆದರು ಎಂದಿದ್ದು, ಕೋರ್ಟ್‌ನಲ್ಲಿ ನಾಲ್ವರು ಎಂದರೆ? ಕತ್ತಿಯಿಂದ ಕಡಿದರು ಎಂದಿದ್ದು, ವೈದ್ಯರ ಪತ್ರದಲ್ಲಿ ತರಚು ಗಾಯ ಮಾತ್ರ ಇದ್ದರೆ? ಆಗ ಅನುಮಾನ ಏಳುತ್ತದೆ. ಆದರೂ ಒಂದು ಮಾತು ಸುಳ್ಳಾಯಿತು ಎಂದು ಇಡೀ ಸಾಕ್ಷ್ಯವನ್ನು ಎಸೆಯುವ ಪದ್ಧತಿ ನಮ್ಮಲ್ಲಿಲ್ಲ. ಕಾಳು-ಜೊಳ್ಳು ಬೇರೆ ಮಾಡಲು ಸಾಧ್ಯವೇ ಎಂದು ಕೋರ್ಟ್ ನೋಡುತ್ತದೆ. ಹಳೆ ದ್ವೇಷವೂ ಎರಡು ಕಡೆ ಕೊಯ್ಯುತ್ತದೆ: ಹೊಡೆಯಲೂ ಅದೇ ಕಾರಣ, ಸುಳ್ಳು ಹೆಸರು ಸೇರಿಸಲೂ ಅದೇ ಕಾರಣ ಆಗಬಹುದು.

ಖುಲಾಸೆ ಆದ ಮೇಲೆ?

2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ಇಲ್ಲಿ ದಾರಿದೀಪ. ಮೇಲಿನ ಕೋರ್ಟ್ ಇಡೀ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಬಹುದು. ಆದರೆ ಅದೇ ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಖುಲಾಸೆಯನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಖುಲಾಸೆ ರದ್ದು ಮಾಡಿಸುವುದು ಸುಲಭ ಅಲ್ಲ.

ಸರ್ಕಾರ ಸುಮ್ಮನಿದ್ದರೆ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಹಲ್ಲೆಗೊಳಗಾದವರೊಬ್ಬರ ಕೇಸ್ ಆಗಿದ್ದ ಕರ್ನಾಟಕದ್ದೇ ಕೊಡಗಲಿ ಪ್ರಕರಣದಲ್ಲಿ, ಅದಕ್ಕೆ ಹೈಕೋರ್ಟ್‌ನ ವಿಶೇಷ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು ತೀರ್ಪು ಕೊಟ್ಟಿತು. ಖುಲಾಸೆ, ಕಡಿಮೆ ಅಪರಾಧಕ್ಕಷ್ಟೇ ಶಿಕ್ಷೆ, ಸಾಲದ ಪರಿಹಾರ ಈ ಮೂರಕ್ಕೆ ಈ ಹಕ್ಕು ಇದೆ. ಶಿಕ್ಷೆಯ ವರ್ಷ ಹೆಚ್ಚಿಸಿ ಎಂದು ಕೇಳಲು ಇದು ಬಾರದು.

ಗಮನದಲ್ಲಿರಲಿ

* ಆಸ್ಪತ್ರೆಯಲ್ಲಿ ವೈದ್ಯರಿಗೆ ಯಾರು, ಯಾವುದರಿಂದ ಹೊಡೆದರು ಎಂದು ಇದ್ದದ್ದು ಇದ್ದ ಹಾಗೆ ಹೇಳಿ.
* ದೂರು ಓದಿಸಿಕೊಂಡೇ ಸಹಿ ಹಾಕಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ.
* ತಡವಾದರೆ ಕಾರಣವನ್ನೂ ಬರೆಸಿ.
* ಸಿಟ್ಟಿಗೆ ಯಾರದ್ದೋ ಹೆಸರು ಸೇರಿಸಬೇಡಿ. ರಾಜಿ ಮಾತಿಗೆ ಬಿದ್ದು ಕೋರ್ಟ್‌ನಲ್ಲಿ ಹೇಳಿಕೆ ತಿರುಗಿಸಿದರೆ ಮೇಲ್ಮನವಿಗೆ ಏನೂ ಉಳಿಯದೆ ಹೋಗಬಹುದು.
* ವಕೀಲರ ಫೀಸು ಕಷ್ಟವಾದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.