ತಂತಿ ಮೇಲಿನ ಹಕ್ಕಿ, ಮೂರು ಕೋಟಿಯ ಲೆಕ್ಕ

ಹಗಲು ರಾತ್ರಿ ಕಣ್ಣು ಮುಚ್ಚದೆ, ಸೆಕೆಂಡಿಗೆ ಒಂದು ಸಾಲಿನಂತೆ ಓದುತ್ತ ಹೋದರೂ ಮುಗಿಸಲು 347 ದಿನ ಬೇಕು. ಅಷ್ಟು ಉದ್ದದ ಪಟ್ಟಿಯೊಂದು ನಮ್ಮ ದೇಶದಲ್ಲಿದೆ. ಅದರ ತುಂಬ ಇರುವುದು ಹಕ್ಕಿಗಳು. ಯಾವ ಹಕ್ಕಿ, ಎಲ್ಲಿ ಕಂಡಿತು, ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟಿದ್ದವು ಎಂಬುದಷ್ಟೇ ವಿವರ. ಇಂಥ 3 ಕೋಟಿಗೂ ಹೆಚ್ಚು ಸಾಲುಗಳನ್ನು 30,000ಕ್ಕೂ ಹೆಚ್ಚು ಜನ ಕೂಡಿಸಿದರು. ಬಹುಪಾಲು ‘ಇ-ಬರ್ಡ್’ ಎಂಬ ಜಾಲತಾಣದಲ್ಲಿ ಸೇರಿದ ಈ ರಾಶಿಯನ್ನು ಹಿಡಿದೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಹೇಳಿತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಇ-ಬರ್ಡ್ ಶುರು ಮಾಡಿದ್ದು 2002ರಲ್ಲಿ. 2021ಕ್ಕೆ ಜಗತ್ತಿನ ಒಟ್ಟು ದಾಖಲೆ 100 ಕೋಟಿ ದಾಟಿತು. ಅದನ್ನು ಸೆಕೆಂಡಿಗೊಂದರಂತೆ ಓದಲು 31 ವರ್ಷ ಮೀರಿ ಬೇಕು, ಹತ್ತೊಂಬತ್ತು ವರ್ಷದಲ್ಲಿ ಬರೆದದ್ದನ್ನು!

ಇ-ಬರ್ಡಿಗೂ ಬಹಳ ಮೊದಲು, 1931–32ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ ಆಗ ಆ ಸಂಸ್ಥಾನಕ್ಕೇ ಸೇರಿತ್ತು. 2 ಲಕ್ಷ ಚದರ ಕಿಲೊಮೀಟರಿಗೂ ಮಿಗಿಲಾದ ಆ ನಾಡಿಗೆ ಬೆರಳೆಣಿಕೆಯ ಜನ. ಅವರು ಎಷ್ಟೇ ನುರಿತವರಾದರೂ ಒಂದು ಊರಿನ ಹೊಲಕ್ಕೆ ಪ್ರತಿ ತಿಂಗಳೂ ಮರಳಿ ಬರಲು ಸಾಧ್ಯವಿರಲಿಲ್ಲ. ಹೊಲದವರಿಗೆ ಅದು ಸಾಧ್ಯ.

3 ಕೋಟಿಯನ್ನು 30,000 ಜನರಿಗೆ ಹಂಚಿದರೆ ತಲೆಗೆ 1,000 ಸಾಲು. ಒಂದು ಸಲಕ್ಕೆ 20 ಜಾತಿ ಬರೆದರೆ 50 ಪಟ್ಟಿ. ಪಟ್ಟಿಗೆ ಕಾಲು ತಾಸು ಹಿಡಿದರೂ ಒಟ್ಟು ಹನ್ನೆರಡೂವರೆ ತಾಸು. ಇದು ಸರಾಸರಿ ಮಾತ್ರ, ನಿಜ. ಸಾವಿರಾರು ಪಟ್ಟಿ ಬರೆದವರೂ ಇದ್ದಾರೆ, ಒಂದೇ ಬರೆದು ಬಿಟ್ಟವರೂ ಇದ್ದಾರೆ. ಆದರೂ ಒಬ್ಬೊಬ್ಬರ ಪಾಲಿಗೆ ಹೀಗೆ ಒಂದು ಹಗಲಿನಷ್ಟು ಹೊತ್ತು ಬಂದರೆ ಸಾಕು, ಇಡೀ ದೇಶದ ಆಕಾಶ ಲೆಕ್ಕಕ್ಕೆ ಸಿಗುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಇಂಥ ಪಟ್ಟಿ ಸಲ್ಲಿಸುವಾಗ ಇ-ಬರ್ಡ್ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ನಿಮಗೆ ಗುರುತು ಹತ್ತಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಇಡೀ ಕೆಲಸದ ಜೀವ ಈ ಪ್ರಶ್ನೆಯಲ್ಲಿದೆ. ಹೌದು ಎಂದರೆ, ಬರೆಯದೆ ಉಳಿದ ಹಕ್ಕಿ ಆ ಹೊತ್ತು ಅಲ್ಲಿ ಕಾಣಲಿಲ್ಲ ಎಂಬುದೂ ದಾಖಲಾಗುತ್ತದೆ. ಮುಂದೆ ಅಂಥ ಸಾವಿರಾರು ಪಟ್ಟಿಗಳನ್ನು ಹರಡಿಕೊಂಡು, ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಗಿಳಿ ಇದೆ, ಹತ್ತು ವರ್ಷದ ಹಿಂದೆ ಎಷ್ಟರಲ್ಲಿತ್ತು ಎಂದು ನೋಡುತ್ತಾರೆ. ಅಪರೂಪದ ಹಕ್ಕಿಯ ಒಂದು ಚೆಂದದ ಫೋಟೊಕ್ಕಿಂತ ‘ಕಾಗೆ 12, ಬೆಳವ 4, ಗೊರವಂಕ 6’ ಎಂಬ ಸಪ್ಪೆ ಸಾಲಿಗೆ ಇಲ್ಲಿ ಬೆಲೆ ಹೆಚ್ಚು.

ಪ್ರತಿ ಮಾರ್ಚ್ 20ರ ಗುಬ್ಬಚ್ಚಿ ದಿನ ನಮ್ಮ ಫೋನುಗಳಲ್ಲಿ ಒಂದು ಮಾತು ಹರಿದಾಡುತ್ತದೆ: ಮೊಬೈಲ್ ಟವರ್ ಬಂದು ಗುಬ್ಬಿ ನಿರ್ನಾಮವಾಯಿತು ಅಂತ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ನ 2020ರ ವರದಿ, ಒಂದು ಕೋಟಿ ದಾಖಲೆಗಳ ಆಧಾರದಲ್ಲಿ, ಬೇರೆಯದನ್ನೇ ತೋರಿಸಿತು. ದೊಡ್ಡ ಶಹರಗಳಲ್ಲಿ ಗುಬ್ಬಿ ಕಡಿಮೆಯಾಗಿದೆ ನಿಜ. ಒಟ್ಟು ದೇಶದಲ್ಲಿ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಊರು, ದಿನ, ಸಂಖ್ಯೆ ಇಲ್ಲದ ಮಾತು ಎಷ್ಟು ಲಕ್ಷ ಜನರ ಕೈ ದಾಟಿದರೂ ಅದರ ತೂಕ ಏರುವುದಿಲ್ಲ.

ಗುಬ್ಬಿಗಾಗಿ ಎಲ್ಲರೂ ಮರುಗುತ್ತಿದ್ದಾಗ ಸದ್ದಿಲ್ಲದೆ ಇಳಿದದ್ದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಎರೆಹೊಲಗಳ ಬದಿಯ ಕರೆಂಟ್ ತಂತಿ ಮೇಲೆ ಕೂತಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ದಪ್ಪ ತಲೆ, ಮಾಸಲು ಕಂದು ಬೆನ್ನು, ಎದೆ ಮೇಲೆ ಸಣ್ಣ ಬಿಳಿ ಗೆರೆ. ಮಿಡತೆ ಕಂಡು ನೆಲಕ್ಕೆ ಎರಗಲು ರೆಕ್ಕೆ ಬಿಚ್ಚಿತೋ, ತಿಳಿನೀಲಿ ಮತ್ತು ಕಡುನೀಲಿ ಪಟ್ಟೆ ಒಮ್ಮೆಗೇ ತೆರೆದುಕೊಳ್ಳುತ್ತವೆ. ಹಳ್ಳಿಗರಿಗೆಲ್ಲ ಗೊತ್ತಿದ್ದ ಈ ಹಕ್ಕಿ ಸುಮಾರು ಒಂದು ದಶಕದಲ್ಲಿ ಶೇ 30ರಷ್ಟು ಇಳಿದಿದೆ ಎಂದು 2023ರ ವರದಿ ಹೇಳಿತು. ಅಳಿವಿನ ಅಪಾಯದ ಪಟ್ಟಿಯಲ್ಲಿ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ಸೂಚಿಸಿದ 14 ಜಾತಿಗಳಲ್ಲಿ ಇದೂ ಒಂದು. ತಂತಿ ಮೇಲೆ ಮೂರು ಕೂರುವಲ್ಲಿ ಎರಡು ಕೂತರೆ ಯಾರಿಗೆ ತಿಳಿದೀತು? ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಇದನ್ನು ಓದಿದ ಮೇಲೆ ತಂತಿಯ ಕಡೆ ನೋಡದೆ ರಸ್ತೆ ದಾಟಲು ನನಗೆ ಆಗುವುದಿಲ್ಲ.

ನವಿಲಿನದು ಇದಕ್ಕೆ ತದ್ವಿರುದ್ಧ. 2000ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ ಶೇ 150ಕ್ಕೂ ಹೆಚ್ಚು ಏರಿಕೆ. ಅಂದರೆ ಆಗ 100 ಇದ್ದ ಅಳತೆ ಈಗ 250 ದಾಟಿದೆ. ಬಿತ್ತಿದ ಕಾಳು, ಆಗಷ್ಟೇ ಎದ್ದ ಮೊಳಕೆ ಎರಡನ್ನೂ ನವಿಲು ಬಿಡುವುದಿಲ್ಲ. ನವಿಲಿನ ಕಾಟ ಎಂದು ರೈತ ಹೇಳಿದರೆ ಅದು ಬರೀ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ, ಅಂಕಿ ಅವನ ಬೆನ್ನಿಗಿದೆ.

ಈಗ ನಮ್ಮ ಜಿಲ್ಲೆಯದೊಂದು ಲೆಕ್ಕ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ನೂರಕ್ಕೆ ಒಬ್ಬರು, ಅಂದರೆ ಹತ್ತಿರ ಹತ್ತಿರ 13,900 ಜನ, ದಿನಕ್ಕೆ ಕಾಲು ತಾಸು ನೋಡಿ ಹತ್ತು ಜಾತಿ ಬರೆಯಲಿ. ಹತ್ತು ಎಂದರೆ ಹೆಚ್ಚೇನಲ್ಲ: ಕಾಗೆ, ಗುಬ್ಬಿ, ಬೆಳವ, ಪಾರಿವಾಳ, ಗೊರವಂಕ, ಗಿಳಿ, ಕಾಜಾಣ, ಬೆಳ್ಳಕ್ಕಿ, ಹದ್ದು, ಟಿಟ್ಟಿಭ, ಹೊಲದ ಬದುವಿನ ಮೇಲೆ ನಿಂತರೆ ಇಷ್ಟೂ ಸಿಕ್ಕಾವು. ದಿನಕ್ಕೆ 1,39,000 ಸಾಲು. ಇಡೀ ದೇಶ 2023ರ ವರದಿಗೆ ಕೂಡಿಸಿಕೊಟ್ಟ 3 ಕೋಟಿಯನ್ನು ಕೊಪ್ಪಳವೊಂದೇ 216 ದಿನದಲ್ಲಿ ಮುಟ್ಟುತ್ತದೆ. ಮುಂಗಾರು ಬಿತ್ತನೆಗೆ ಶುರು ಮಾಡಿದರೆ ಸಂಕ್ರಾಂತಿ ಹೊತ್ತಿಗೆ ಮುಗಿಯಿತು.

ಹಾಗಾದರೆ ದೇಶದ ವರದಿ ಹೇಳಲಾರದ ಸಂಗತಿಗಳಿಗೂ ಉತ್ತರ ಸಿಗುತ್ತದೆ. ತುಂಗಭದ್ರೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಯಲ್ಲಿ ನವಿಲು ಹೆಚ್ಚೋ, ಮಳೆ ನೆಚ್ಚಿದ ಕುಷ್ಟಗಿಯ ಸಜ್ಜೆ ಹೊಲದಲ್ಲೋ? ಯಲಬುರ್ಗಾದ ಎರೆಯಲ್ಲಿ ನೀಲಕಂಠ ಯಾವ ತಿಂಗಳು ಕಾಣುತ್ತದೆ, ಯಾವ ತಿಂಗಳು ಇರುವುದಿಲ್ಲ? ನಿಡಶೇಸಿ ಕೆರೆಗೆ ನೀರು ಬಂದ ವರ್ಷ ಬೆಳ್ಳಕ್ಕಿ ಎಷ್ಟು, ಬಾರದ ವರ್ಷ ಎಷ್ಟು? ಇದಕ್ಕೆಲ್ಲ ನೀವು ಬರೆಯುವ ಮೊದಲ ಪಟ್ಟಿಗೆ ಬೇಕಾದದ್ದು ಊರಿನ ಹೆಸರು, ತಾರೀಖು, ಗಂಟೆ, ಎಷ್ಟು ನಿಮಿಷ ನೋಡಿದಿರಿ ಎಂಬುದು, ಮತ್ತು ಗುರುತು ಹತ್ತಿದ ಪ್ರತಿ ಹಕ್ಕಿಯ ಮುಂದೆ ಒಂದು ಸಂಖ್ಯೆ.